ಮೀನು ಆರಿಸುವ ಮೊದಲು ಮನೆಯ ನೀರು ನೋಡಿ

ಜಯನಗರ, ಬನಶಂಕರಿ, ಜೆ.ಪಿ. ನಗರದ ಯಾವುದೇ ಅಕ್ವೇರಿಯಂ ಅಂಗಡಿಯಲ್ಲಿ ಭಾನುವಾರ ಸಂಜೆ ಸ್ವಲ್ಪ ಹೊತ್ತು ನಿಂತರೆ ಒಂದು ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಇವೆರಡನ್ನೂ ಒಟ್ಟಿಗೆ ಬಿಡಬಹುದಾ? ಕಚ್ಚಾಡಲ್ಲ ತಾನೆ?" ಮಗು ಗೋಲ್ಡ್ ಫಿಶ್ ಕಡೆ ಬೆರಳು ಮಾಡುತ್ತದೆ, ತಾಯಿಗೆ ಏಂಜಲ್ ಇಷ್ಟ, ತಂದೆಗೆ ಪಟ್ಟೆಪಟ್ಟೆಯ ಟೈಗರ್ ಬಾರ್ಬ್. ಕೊನೆಗೆ ಎಲ್ಲದರಿಂದ ಎರಡೆರಡು, ಜೊತೆಗೆ ಪಾಚಿ ತಿನ್ನಲೆಂದು ಒಂದು ಸಕ್ಕರ್ ಮೀನು. ಎರಡಡಿಯ ಟ್ಯಾಂಕ್, ಅಂದೇ ತುಂಬಿಸಿದ ನೀರು, ಅಂದೇ ಬಿಟ್ಟ ಮೀನು. ಮೂರು ವಾರ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಸತ್ತಿರುತ್ತವೆ. "ನಮ್ಮ ಮನೆಗೆ ಮೀನು ಆಗಿಬರಲ್ಲ" ಎಂದು ಟ್ಯಾಂಕ್ ಅಟ್ಟ ಸೇರುತ್ತದೆ.

ಮೀನು ಆಗಿಬರದ ಮನೆ ಎಂಬುದಿಲ್ಲ. ಆ ಮನೆಗೆ ಬರುವ ನೀರಿಗೆ ಒಗ್ಗದ ಮೀನುಗಳಿವೆ, ಒಂದರ ಜೊತೆ ಒಂದು ಬಾಳಲಾಗದ ಮೀನುಗಳಿವೆ. ಕಚ್ಚಾಟದ ಪ್ರಶ್ನೆ ಸರಿಯಾದದ್ದೇ, ಆದರೆ ಮೊದಲು ಕೇಳಬೇಕಾದದ್ದು ಅದಲ್ಲ. ಹೊಸ ಟ್ಯಾಂಕಿನಲ್ಲಿ ಮೊದಲ ತಿಂಗಳು ಸಾಯುವ ಮೀನುಗಳಲ್ಲಿ ಹೆಚ್ಚಿನವು ಇನ್ನೊಂದು ಮೀನಿನ ಬಾಯಿಗೆ ಬಲಿಯಾದವಲ್ಲ, ನೀರಿಗೆ ಬಲಿಯಾದವು. ಹಾಗಾಗಿ ಮೊದಲು ನೀರು, ಆಮೇಲೆ ಮೀನು ಬೆಳೆಯುವ ಗಾತ್ರ, ಆಮೇಲೆ ಸ್ವಭಾವ, ಕೊನೆಗೆ ಬಣ್ಣ. ನಾವು ಅಂಗಡಿಯಲ್ಲಿ ಇದನ್ನು ತಿರುವುಮುರುವಾಗಿ ಮಾಡುತ್ತೇವೆ.

ಒಂದೇ ಬೀದಿ, ಎರಡು ನೀರು

ದಕ್ಷಿಣ ಬೆಂಗಳೂರಿನ ಮನೆಗಳಿಗೆ ಬರುವುದು ಒಂದೇ ಬಗೆಯ ನೀರಲ್ಲ. ಒಂದು ಕಾವೇರಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿ ಈ ನೀರು ನಗರಕ್ಕೆ ಬರುತ್ತದೆ. 1974ರಲ್ಲಿ ಮೊದಲ ಹಂತ, 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ. ಇನ್ನೊಂದು ಬೋರ್ ನೀರು, ಇಲ್ಲವೇ ಬೇರೆ ಯಾವುದೋ ಬೋರ್‌ನಿಂದ ತುಂಬಿಸಿಕೊಂಡು ಬರುವ ಟ್ಯಾಂಕರ್ ನೀರು. ಲಾಲ್‌ಬಾಗ್ ಬಂಡೆಯಂಥ ಪುರಾತನ ಶಿಲೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ನಲ್ಲಿಯ ಬಾಯಿಗೆ ಬಿಳಿ ಪದರ ಕಟ್ಟುತ್ತದೆ. ಮನೆಯ ಹೆಂಗಸರಿಗೆ ಇದು ಮೊದಲಿನಿಂದ ಗೊತ್ತಿರುವ ಪರೀಕ್ಷೆ. ಮೀನು ಸಾಕುವವರಿಗೂ ಇದೇ ಮೊದಲ ಪರೀಕ್ಷೆ.

ಮೀನಿಗೆ ಇದು ಯಾಕೆ ಮುಖ್ಯ? ಸಿಹಿನೀರಿನ ಮೀನಿನ ಮೈಯೊಳಗಿನ ದ್ರವ ಸುತ್ತಲಿನ ನೀರಿಗಿಂತ ಉಪ್ಪು. ಹಾಗಾಗಿ ಕಿವಿರು ಮತ್ತು ಚರ್ಮದ ಮೂಲಕ ನೀರು ಸದಾ ಒಳಗೆ ನುಗ್ಗುತ್ತಿರುತ್ತದೆ. ಅದನ್ನು ಹೊರಹಾಕಿ ಲವಣವನ್ನು ಉಳಿಸಿಕೊಳ್ಳಲು ಮೀನಿನ ಮೂತ್ರಪಿಂಡ ಹಗಲಿರುಳು ದುಡಿಯುತ್ತದೆ. ಅಮೆಜಾನ್ ಕಾಡಿನ ತೊರೆಗಳ ನಿಯಾನ್ ಟೆಟ್ರಾ ಮಳೆನೀರಿನಷ್ಟೇ ಮೆದುವಾದ ನೀರಿಗೆ ಹೊಂದಿಕೊಂಡು ಬಂದ ಜೀವ. ಮೆಕ್ಸಿಕೊ, ಮಧ್ಯ ಅಮೆರಿಕದ ಮೋಲಿ ಗಡಸು ನೀರಿನದ್ದು. ಇವೆರಡೂ ಸಾಧು ಮೀನುಗಳೇ, ಒಂದನ್ನೊಂದು ಮುಟ್ಟುವುದಿಲ್ಲ. ಆದರೂ ಒಂದೇ ಟ್ಯಾಂಕಿನಲ್ಲಿ ಬಿಟ್ಟರೆ ಇಬ್ಬರಲ್ಲಿ ಒಬ್ಬರು ದಿನಾ ಸೊರಗುತ್ತಾರೆ. ನೀರು ಮೆದುವಾದರೆ ಮೋಲಿ ಮೈ ಅದುರಿಸುತ್ತಾ ನಿಂತಲ್ಲೇ ಓಲಾಡುತ್ತದೆ. ಗಡಸಾದರೆ ನಿಯಾನ್ ಬಣ್ಣಗೆಟ್ಟು ಒಂದೊಂದಾಗಿ ಕಾಣೆಯಾಗುತ್ತದೆ. ಈಗ ಸಿಗುವ ನಿಯಾನ್‌ಗಳು ಹೆಚ್ಚಾಗಿ ಫಾರ್ಮ್‌ನಲ್ಲಿ ಹುಟ್ಟಿದವು, ಮೊದಲಿಗಿಂತ ಗಟ್ಟಿ. ಹಾಗೆಂದು ನಲ್ಲಿಗೆ ಬಿಳಿ ಪದರ ಕಟ್ಟುವ ಬೋರ್ ನೀರಿನಲ್ಲಿ ಅವು ಬಾಳುತ್ತವೆ ಎಂದು ಆಸೆ ಇಟ್ಟುಕೊಳ್ಳಬಾರದು.

ಅಪಾರ್ಟ್‌ಮೆಂಟಿನವರು ಇನ್ನೊಂದು ವಿಷಯ ಗಮನಿಸಬೇಕು. ನೆಲಮಾಳಿಗೆಯ ಸಾಫ್ಟ್‌ನರ್ ಯಂತ್ರದಿಂದ ಬಂದ ನೀರಿನಲ್ಲಿ ಸೋಪು ಚೆನ್ನಾಗಿ ನೊರೆಯುತ್ತದೆ, ನಿಜ. ಆದರೆ ಆ ಯಂತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಇಡುತ್ತದೆ, ಅಷ್ಟೆ. ಒಟ್ಟು ಲವಣ ಕಡಿಮೆಯಾಗುವುದಿಲ್ಲ, ಕ್ಷಾರವೂ ಇಳಿಯುವುದಿಲ್ಲ. ಟಿಡಿಎಸ್ ಮೀಟರ್ ಹಿಡಿದರೆ ಮೊದಲಿನಷ್ಟೇ ಅಂಕಿ ತೋರಿಸುತ್ತದೆ. ಇದು ಮೆದುನೀರಿನ ಮೀನಿಗೂ ಆಗದು, ಗಡಸುನೀರಿನ ಮೀನಿಗೂ ಆಗದು. ಅಡುಗೆಮನೆಯ ಆರ್‌ಒ ನೀರನ್ನು ಹಾಗೇ ತುಂಬಿಸುವುದೂ ತಪ್ಪು. ಮೀನಿಗೆ ಬೇಕಾದ ಖನಿಜವೂ ಅದರಲ್ಲಿ ಉಳಿದಿರುವುದಿಲ್ಲ. ಮೆದು ನೀರು ಬೇಕೇಬೇಕೆಂದರೆ ಸಾಫ್ಟ್‌ನರ್‌ಗೆ ಹೋಗದ ನೀರಿಗೆ ಆರ್‌ಒ ನೀರು ಬೆರೆಸಿ, ಪ್ರತಿ ಸಲವೂ ಅದೇ ಅಳತೆಯಲ್ಲಿ ಬೆರೆಸಿ. ಆರ್‌ಒ ಯಂತ್ರ ಹೊರಗೆ ಬಿಡುವ ತ್ಯಾಜ್ಯ ನೀರನ್ನು ಮಾತ್ರ ಟ್ಯಾಂಕಿಗೆ ಹಾಕಲೇಬೇಡಿ, ಲವಣವೆಲ್ಲ ಸೇರಿರುವುದು ಅದರಲ್ಲೇ.

ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಪರೀಕ್ಷಾ ಪಟ್ಟಿಯನ್ನು ನೀರಿಗದ್ದಿದರೆ ಪಿಎಚ್ ಮತ್ತು ಗಡಸುತನ ಬಣ್ಣದಲ್ಲೇ ತಿಳಿಯುತ್ತದೆ. ಸಂಪಿನಲ್ಲಿ ಕಾವೇರಿ, ಬೋರ್ ಎರಡೂ ಬೆರೆಯುವ ಮನೆಗಳಲ್ಲಿ ಬೇರೆ ಬೇರೆ ದಿನ ನೋಡಿ. ಫಲಿತಾಂಶ ವಾರವಾರಕ್ಕೂ ಬದಲಾಗುತ್ತಿದ್ದರೆ ಯಾವ ಏರಿಳಿತಕ್ಕೂ ತಡೆಯುವ ಗಟ್ಟಿ ಮೀನುಗಳನ್ನೇ ಆರಿಸಬೇಕು.

ಕಣ್ಣಿಗೆ ಕಾಣದ ವಿಷ

ಎರಡನೆಯ ಮಾತು ಅಮೋನಿಯಾ. ಮೀನಿನ ಕಿವಿರು, ಮಲ, ತಿನ್ನದೆ ಉಳಿದ ಆಹಾರ ಇವೆಲ್ಲದರಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಸುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ, ಅದರಿಂದ ಅಷ್ಟು ಭಯವಿಲ್ಲ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ತಳದ ಮರಳಿನಲ್ಲಿ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕ್ ತಂದ ದಿನವೇ ಹತ್ತು ಮೀನು ಬಿಟ್ಟರೆ ಅವು ತಮ್ಮದೇ ಅಮೋನಿಯಾದಲ್ಲಿ ಬೇಯುತ್ತವೆ.

ಇಲ್ಲಿಯೂ ಬಡಾವಣೆಯ ನೀರಿನ ಪಾತ್ರ ದೊಡ್ಡದು. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದಲ್ಲಿರುವುದು ನೂರಕ್ಕೆ ಒಂದು ಪಾಲಿಗೂ ಕಡಿಮೆ. ಪಿಎಚ್ 8 ಆದರೆ ಅದು ನೂರಕ್ಕೆ ಐದು ಪಾಲು ದಾಟುತ್ತದೆ, ಹತ್ತಿರ ಹತ್ತಿರ ಹತ್ತು ಪಟ್ಟು. ಆದ್ದರಿಂದ ಕ್ಷಾರ ಹೆಚ್ಚಿರುವ ನೀರಿನ ಮನೆಯವರು ಇನ್ನಷ್ಟು ತಾಳ್ಮೆಯಿಂದ, ಇನ್ನಷ್ಟು ಕಡಿಮೆ ಮೀನಿನಿಂದ ಶುರು ಮಾಡಬೇಕು. ಸ್ನೇಹಿತರ ಮನೆಯಲ್ಲಿ ಆರೋಗ್ಯವಾಗಿರುವ ಹಳೆಯ ಟ್ಯಾಂಕ್ ಇದ್ದರೆ ಅದರ ಫಿಲ್ಟರ್ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಹೆಪ್ಪು ಹಾಕಿದ ಹಾಲಿನಂತೆ ಹೊಸ ಟ್ಯಾಂಕ್ ಬೇಗ ಹದಕ್ಕೆ ಬರುತ್ತದೆ. ಆ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಕಾವೇರಿ ನೀರಿನ ಕ್ಲೋರಿನ್ ನಮ್ಮ ಹೊಟ್ಟೆಗೆ ರಕ್ಷೆ, ಆ ಬ್ಯಾಕ್ಟೀರಿಯಾಕ್ಕೆ ಮೃತ್ಯು. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ ಹಾಕಿ. ಹೊಸ ನೀರನ್ನು ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು, ಇಲ್ಲವೇ ಕ್ಲೋರಿನ್ ಕಳೆಯುವ ಹೈಪೊ ಹಾಕಿ ಆಮೇಲೆ ಬಳಸಿ.

ಉಸಿರಿನ ಲೆಕ್ಕವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಇಲ್ಲಿನ ನೀರಿನಲ್ಲಿ ಆಮ್ಲಜನಕವೂ ಮಂಗಳೂರಿನ ನೀರಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ ಕರಗುತ್ತದೆ. ಏಪ್ರಿಲ್ ಬಿಸಿಲಿಗೆ ನೀರು ಕಾದರೆ ಇನ್ನೂ ಕಡಿಮೆ. ಆಮ್ಲಜನಕ ಕುಸಿದರೆ ಎಂಥ ಅನಾಹುತವಾಗುತ್ತದೆ ಎಂಬುದನ್ನು 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ತೇಲಿದ ಸಾವಿರಾರು ಮೀನುಗಳು ಇಡೀ ನಗರಕ್ಕೆ ತೋರಿಸಿದವು. ನಡುಮನೆಯ ಟ್ಯಾಂಕಿಗೂ ಅದೇ ನಿಯಮ. ಕರೆಂಟು ಹೋದಾಗ ಏರ್ ಪಂಪ್ ನಿಲ್ಲುತ್ತದೆ. ಕಿಕ್ಕಿರಿದ ಟ್ಯಾಂಕಿನಲ್ಲಿ ಮೊದಲು ಸಾಯುವುದು ದೊಡ್ಡ ಮೀನು.

ಇಂದಿನ ಗಾತ್ರ, ನಾಳೆಯ ಗಾತ್ರ

ಅಂಗಡಿಯಲ್ಲಿ ಕಾಣುವುದೆಲ್ಲ ಮರಿಗಳು. ಬೆರಳುದ್ದದ ಸಿಲ್ವರ್ ಶಾರ್ಕ್ ಅಡಿಗಿಂತ ಉದ್ದ ಬೆಳೆಯುತ್ತದೆ. ಆಸ್ಕರ್ 30 ಸೆಂಟಿಮೀಟರ್ ಮುಟ್ಟುತ್ತದೆ, ಸಾಮಾನ್ಯ ಸಕ್ಕರ್ ಮೀನು ಅದನ್ನೂ ದಾಟುತ್ತದೆ. ಕೆಂಪು ಬಾಲದ ಕ್ಯಾಟ್‌ಫಿಶ್ ಒಂದು ಮೀಟರಿಗೂ ಮೀರುತ್ತದೆ. ಅದು ಮನೆಯಲ್ಲಿ ಸಾಕುವ ಮೀನೇ ಅಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಹಿಡಿಯುವುದು 56 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45 ಲೀಟರ್ ಉಳಿದರೆ ಹೆಚ್ಚು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎತ್ತರದ್ದಾದರೆ 250 ಲೀಟರ್ ದಾಟುತ್ತದೆ. ಉದ್ದ ಎರಡು ಪಟ್ಟಾದರೂ ನೀರು ನಾಲ್ಕು ಪಟ್ಟು ಮೀರಿತು ನೋಡಿ. ಮೀನುಗಳ ನಡುವಿನ ಶಾಂತಿಗೆ ಬೇಕಾದದ್ದು ಈ ಜಾಗ.

ಗಾತ್ರದ ಜೊತೆ ಬಾಯಿಯ ಲೆಕ್ಕ. ಬಾಯಲ್ಲಿ ಹಿಡಿಸುವುದನ್ನು ಮೀನು ತಿನ್ನುತ್ತದೆ, ಅದರಲ್ಲಿ ಕ್ರೌರ್ಯವೇನೂ ಇಲ್ಲ. ರೂಪಾಯಿ ನಾಣ್ಯದಷ್ಟಿದ್ದ ಏಂಜಲ್ ಮರಿ ನಿಯಾನ್‌ಗಳ ಜೊತೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಅಂಗೈಯಗಲ ಬೆಳೆದ ಮೇಲೆ ಒಂದು ಬೆಳಗ್ಗೆ ನಿಯಾನ್‌ಗಳ ಸಂಖ್ಯೆ ಇಳಿದಿರುತ್ತದೆ. ಅದು ಅದರ ಸಹಜ ಆಹಾರ.

ಸ್ವಭಾವ ಮತ್ತು ಸಂಖ್ಯೆ

ಬನಶಂಕರಿ ಎರಡನೇ ಹಂತದ ಪರಿಚಿತರ ಮನೆಯಲ್ಲಿ ಎರಡು ಏಂಜಲ್, ಮೂರು ಟೈಗರ್ ಬಾರ್ಬ್ ಇದ್ದ ಟ್ಯಾಂಕನ್ನು ಹತ್ತಿರದಿಂದ ನೋಡಿದ್ದೇನೆ. ಏಂಜಲ್‌ನ ಹೊಟ್ಟೆಯ ಕೆಳಗಿನಿಂದ ಎರಡು ಸಪೂರ ಎಳೆಗಳಂಥ ರೆಕ್ಕೆಗಳು ಇಳಿದಿರುತ್ತವೆ. ಟೈಗರ್ ಬಾರ್ಬ್ ಮುಂದಿನಿಂದ ಬರುವುದಿಲ್ಲ. ಹಿಂದೆ, ಸ್ವಲ್ಪ ಕೆಳಗೆ ನಿಂತು, ಏಂಜಲ್ ತಿರುಗುವ ಹೊತ್ತು ನೋಡಿ ಚಂಗನೆ ನುಗ್ಗಿ ಎಳೆಯ ತುದಿ ಕಡಿದು ಗಿಡದ ಮರೆಗೆ ಓಡುತ್ತದೆ. ನೋವು ಚಿಕ್ಕದೇ ಇರಬಹುದು, ಆದರೆ ದಿನವಿಡೀ ನಡೆಯುತ್ತದೆ. ಎಳೆಗಳು ಮೊಂಡಾದವು, ತುದಿಗೆ ಹತ್ತಿಯಂಥ ಬಿಳಿ ಬೂಸು ಹಿಡಿಯಿತು, ಏಂಜಲ್‌ಗಳು ಹೀಟರಿನ ಹಿಂದಿನ ಮೂಲೆ ಬಿಟ್ಟು ಬರಲಿಲ್ಲ. ಮನೆಯವರು ಅದನ್ನು ಕಾಯಿಲೆ ಎಂದುಕೊಂಡು ಔಷಧಿ ಹಾಕುತ್ತಿದ್ದರು. ಕಾರಣ ಜೊತೆಯಲ್ಲಿತ್ತು.

ಟೈಗರ್ ಬಾರ್ಬ್ ಕೆಟ್ಟ ಮೀನು ಅಲ್ಲ. ಅದು ಗುಂಪಿನ ಮೀನು. ಎಂಟು ಹತ್ತು ಇದ್ದರೆ ಅಟ್ಟಾಟ, ಕಿತಾಪತಿ ಎಲ್ಲ ತಮ್ಮ ತಮ್ಮಲ್ಲೇ ಮುಗಿಯುತ್ತದೆ. ಮೂರೇ ಇದ್ದರೆ ಆ ಚುರುಕು ಬೇರೆಯವರ ರೆಕ್ಕೆಯ ಮೇಲೆ ಹೋಗುತ್ತದೆ. "ಎಲ್ಲದರಿಂದ ಎರಡೆರಡು" ಎಂಬ ನಮ್ಮ ಅಭ್ಯಾಸ ಕೆಡುಕಾಗುವುದು ಇಲ್ಲೇ. ಟೆಟ್ರಾ, ರಾಸ್ಬೊರಾ, ಡೇನಿಯೊ, ತಳದಲ್ಲಿ ಮೂಸುತ್ತಾ ತಿರುಗುವ ಕೋರಿಡೊರಾಸ್, ಇವೆಲ್ಲ ಒಂದೊಂದು ಜಾತಿಯೂ ಕನಿಷ್ಠ ಆರು ಇರಬೇಕು. ಎರಡೇ ಇದ್ದರೆ ಅವು ಹೆದರಿ ಮರೆಯಲ್ಲೇ ಉಳಿಯುತ್ತವೆ. ಜಾತಿ ಕಡಿಮೆ ಮಾಡಿ, ಸಂಖ್ಯೆ ಹೆಚ್ಚಿಸಿ. ಟ್ಯಾಂಕಿನ ಅಂದವೂ ಹೆಚ್ಚುತ್ತದೆ, ಮೀನಿನ ನೆಮ್ಮದಿಯೂ ಹೆಚ್ಚುತ್ತದೆ.

ಕೆಲವು ಮೀನುಗಳಿಗೆ ಒಂಟಿತನವೇ ಸುಖ. ಗಂಡು ಫೈಟರ್ ಇನ್ನೊಂದು ಗಂಡು ಫೈಟರನ್ನು ಸಹಿಸದು; ಉದ್ದ ಬಾಲದ ಗಪ್ಪಿಯನ್ನೂ ಎದುರಾಳಿ ಎಂದೇ ಭಾವಿಸುತ್ತದೆ. ಫ್ಲವರ್‌ಹಾರ್ನ್‌ಗೆ ಇಡೀ ಟ್ಯಾಂಕ್ ತನ್ನದು. ಕೆಂಪು ಬಾಲದ ಕಪ್ಪು ಶಾರ್ಕ್ ಎಂದು ಮಾರುವ ಮೀನು ತನ್ನ ಮೂಲೆಗೆ ಬಂದವರನ್ನೆಲ್ಲ ಅಟ್ಟುತ್ತದೆ. ಸಾಧು ಏಂಜಲ್ ಜೋಡಿಯೂ ಮೊಟ್ಟೆ ಇಟ್ಟ ವಾರ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಊಟದಲ್ಲೂ ಭೇದವಿದೆ. ಡೇನಿಯೊ ಮೇಲ್ಮೈಯಲ್ಲಿ ತಿನ್ನುತ್ತದೆ, ಟೆಟ್ರಾ ನಡುನೀರಿನಲ್ಲಿ, ಕೋರಿಡೊರಾಸ್ ತಳದಲ್ಲಿ. ತೇಲುವ ಕಾಳನ್ನಷ್ಟೇ ಉದುರಿಸಿದರೆ ಮೇಲಿನವು ಕೊಬ್ಬುತ್ತವೆ, ಕೆಳಗಿನವು ಉಪವಾಸ ಬೀಳುತ್ತವೆ. ಮುಳುಗುವ ಗುಳಿಗೆಯನ್ನು ರಾತ್ರಿ ದೀಪ ಆರಿಸಿದ ಮೇಲೆ ಹಾಕಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದ ಮತ್ಸ್ಯವಿನೋದ ಭಾಗದಲ್ಲಿ ಮೀನುಗಳ ಬಗೆಗಳನ್ನೂ ಅವಕ್ಕೆ ಹಾಕಬೇಕಾದ ಆಹಾರವನ್ನೂ ಬೇರೆ ಬೇರೆಯಾಗಿ ವಿವರಿಸಿದ್ದಾನೆ. ಎಲ್ಲ ಮೀನಿಗೂ ಒಂದೇ ಡಬ್ಬಿಯ ಕಾಳು ಸಾಕು ಎಂದುಕೊಳ್ಳುವ ನಮಗೆ ಆ ಪಾಠ ಇನ್ನೂ ಬೇಕಾಗಿದೆ.

ನಮ್ಮ ಬಡಾವಣೆಗೆ ಹೊಂದುವ ಜೋಡಿಗಳು

ಮೆದುವಾದ ಕಾವೇರಿ ನೀರು ಬರುವ ಮನೆಯ ಎರಡಡಿ ಟ್ಯಾಂಕಿಗೆ ಎಂಟು ಸಣ್ಣ ಟೆಟ್ರಾ ಅಥವಾ ಹಾರ್ಲಿಕ್ವಿನ್ ರಾಸ್ಬೊರಾ, ಆರು ಕೋರಿಡೊರಾಸ್, ಒಂದು ಹನಿ ಗೌರಾಮಿ. ಅಲ್ಲಿಗೆ ಟ್ಯಾಂಕ್ ತುಂಬಿತು. ಡಿಸೆಂಬರ್, ಜನವರಿಯ ರಾತ್ರಿ ಇಲ್ಲಿ ಹೊರಗಿನ ಉಷ್ಣತೆ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಈ ಮೀನುಗಳಿಗೆ 24ರಿಂದ 26 ಡಿಗ್ರಿ ಬೇಕು, ಹಾಗಾಗಿ 50 ವಾಟ್ ಹೀಟರ್ ಇರಲಿ. ಚಳಿಗೆ ಮೈಮೇಲೆ ಉಪ್ಪಿನ ಕಣದಂಥ ಬಿಳಿ ಚುಕ್ಕೆ ಏಳುವ ರೋಗ ಹೆಚ್ಚಾಗಿ ಕಾಣಿಸುವುದು ನೀರು ಏಕಾಏಕಿ ತಣ್ಣಗಾದಾಗ.

ಗಡಸು ಬೋರ್ ನೀರಿನ ಮನೆಗೆ ಗಪ್ಪಿ, ಪ್ಲಾಟಿ. ಟ್ಯಾಂಕ್ ಮೂರಡಿ ಇದ್ದರೆ ಮೋಲಿ, ಸ್ವೋರ್ಡ್‌ಟೇಲ್. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆ ತೊಟ್ಟಿ, ಬಾವಿಗಳಿಗೆ ಬಿಡುವ ಗಪ್ಪಿ ಇದೇ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ, ಇಲ್ಲವಾದರೆ ಗಂಡುಗಳ ಕಾಟಕ್ಕೆ ಹೆಣ್ಣು ಬಳಲಿ ಸಾಯುತ್ತದೆ. ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುವುದರಿಂದ ಮರಿ ಬೇಡವೆನ್ನುವವರು ಗಂಡುಗಳನ್ನಷ್ಟೇ ಸಾಕಬಹುದು. ಚಿಪ್ಪಿಗೆ ಕ್ಯಾಲ್ಸಿಯಂ ಬೇಕಾದ ಬಸವನಹುಳುಗಳೂ ಈ ನೀರಿನಲ್ಲಿ ಚೆನ್ನಾಗಿ ಬಾಳುತ್ತವೆ.

ಹೀಟರ್ ಬೇಡ ಎನ್ನುವವರಿಗೆ ಜೀಬ್ರಾ ಡೇನಿಯೊ. ಚಳಿಗೂ ನೀರಿನ ಏರಿಳಿತಕ್ಕೂ ಹೆಚ್ಚು ತಡೆಯುವ, ನಮ್ಮ ದೇಶದ್ದೇ ಮೀನು. ಇದಕ್ಕೆ ಶಾಸ್ತ್ರೀಯ ಹೆಸರಿಟ್ಟವನು ಫ್ರಾನ್ಸಿಸ್ ಬುಕನನ್. 1800ರಲ್ಲಿ ಬೆಂಗಳೂರಿಗೂ ಬಂದು ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಅದೇ ಬುಕನನ್. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು 1822ರಲ್ಲಿ ಪ್ರಕಟಿಸಿದ ಗಂಗಾ ನದಿಯ ಮೀನುಗಳ ಗ್ರಂಥದಲ್ಲಿ ಈ ಡೇನಿಯೊ, ಮೇಲೆ ಹೇಳಿದ ಹನಿ ಗೌರಾಮಿ ಎರಡೂ ಇವೆ. ಇನ್ನು ಗೋಲ್ಡ್ ಫಿಶ್ ತಂಪು ನೀರಿನ ಮೀನು, ಬಕಾಸುರ ಹೊಟ್ಟೆಯದು, ಸಿಕ್ಕಾಪಟ್ಟೆ ಗಲೀಜು ಮಾಡುತ್ತದೆ, ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಅದಕ್ಕೆ ಅದರದ್ದೇ ಜಾತಿಯ ಜೊತೆ, ಮೂರಡಿಗೂ ದೊಡ್ಡ ಟ್ಯಾಂಕ್ ಇರಬೇಕು. ಏಂಜಲ್ ಜೊತೆ ಸರ್ವಥಾ ಬೇಡ.

ನಮ್ಮ ನಾಡಿನ ಇನ್ನೊಂದು ಮೀನಿನ ಮಾತು ಹೇಳಲೇಬೇಕು. ಹಳದಿ ಮೈಮೇಲೆ ಒತ್ತಾದ ಕಪ್ಪು ಗೆರೆಗಳ ಜೀಬ್ರಾ ಲೋಚ್ ಜಗತ್ತಿನಾದ್ಯಂತ ಅಕ್ವೇರಿಯಂಗಳಲ್ಲಿ ಹೆಸರಾದ ಮೀನು. ಅದರ ತವರು ಪಶ್ಚಿಮ ಘಟ್ಟ. ತುಂಗಾ ನದಿಯ ಈ ಮೀನನ್ನು 1920ರಲ್ಲಿ ಮೊದಲು ವಿಜ್ಞಾನಕ್ಕೆ ಪರಿಚಯಿಸಿದವರು ನಮ್ಮ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್. ಇಂದು ಅದು ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಚಂದ್ರಗಿರಿ ಹೊಳೆಯಲ್ಲೂ ಇರುವ ಕೆಂಪು ಗೆರೆಯ ಡೆನಿಸನ್ ಬಾರ್ಬ್‌ನ ಕಥೆಯೂ ಅದೇ. ಹೊಳೆಯಿಂದ ಬಲೆ ಬೀಸಿ ತಂದ ಇಂಥ ಮೀನನ್ನು ನಾವು ಕೊಳ್ಳದಿದ್ದರೆ ಹಿಡಿಯುವವರೂ ಇರುವುದಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಕೈಮುಗಿದು ಪುರಿ ಹಾಕಿ ಬಂದವರು ಅದೇ ನದಿಯ ಮೀನನ್ನು ಗಾಜಿನೊಳಗೆ ಕೊಲ್ಲಬಾರದು.

ತಂದ ಮೇಲೆ

ಹೊಸ ಮೀನನ್ನು ನೇರವಾಗಿ ಹಳೆಯ ಟ್ಯಾಂಕಿಗೆ ಬಿಡಬೇಡಿ. ಬೇರೆ ತೊಟ್ಟಿಯಲ್ಲಿ ಎರಡು ಮೂರು ವಾರ ಇಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬಿಡುವ ದಿನ ಕಲ್ಲು, ಗಿಡಗಳ ಜಾಗ ಬದಲಿಸಿದರೆ ಹಳಬರ ಗಡಿಗಳು ಅಳಿಸಿಹೋಗಿ ಹೊಸಬರಿಗೆ ಜಾಗ ಸಿಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಎರಡಡಿ ಟ್ಯಾಂಕಿಗೆ ಅದು ಒಂದು ಬಕೆಟ್ಟಿನ ಮಾತು. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಘೋಷಿಸಿದ್ದನ್ನು ನೋಡಿದವರಿಗೆ ಒಂದು ಬಕೆಟ್ಟಿನ ಬೆಲೆಯೂ ಗೊತ್ತು. ತೆಗೆದ ನೀರನ್ನು ಚರಂಡಿಗೆ ಚೆಲ್ಲದೆ ಗುಲಾಬಿಗೋ ಕರಿಬೇವಿಗೋ ಹಾಕಿ. ಅದರ ನೈಟ್ರೇಟ್ ಗಿಡಕ್ಕೆ ಗೊಬ್ಬರ.

ಎಷ್ಟೇ ಎಚ್ಚರ ವಹಿಸಿದರೂ ಕೆಲವೊಮ್ಮೆ ಮೀನುಗಳು ಹೊಂದಿಕೊಳ್ಳುವುದಿಲ್ಲ, ಕೆಲವು ಟ್ಯಾಂಕಿಗೆ ಮೀರಿ ಬೆಳೆಯುತ್ತವೆ. ಆಗ ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳ ಕೆರೆಗೆ ಬಿಟ್ಟು ಪುಣ್ಯ ಬಂತೆಂದುಕೊಳ್ಳಬೇಡಿ. ಕೇರಳ, ತಮಿಳುನಾಡು, ಆಂಧ್ರದ ನೀರುಗಳಲ್ಲಿ ಸಕ್ಕರ್ ಮೀನು ಈಗಾಗಲೇ ಬೇರುಬಿಟ್ಟು, ದಂಡೆ ಕೊರೆದು, ಬಲೆ ಹರಿದು ಮೀನುಗಾರರ ಹೊಟ್ಟೆಗೆ ಹೊಡೆಯುತ್ತಿದೆ. ಅಲ್ಲಿಗೆ ಅದು ತಾನಾಗಿ ಈಜಿ ಹೋದದ್ದಲ್ಲ. ಬಡಾವಣೆಯ ಜನ ವರ್ಷಗಟ್ಟಲೆ ದುಡಿದು ಉಳಿಸಿಕೊಂಡ ಪುಟ್ಟೇನಹಳ್ಳಿಯಂಥ ಕೆರೆಗೆ ಆ ಗತಿ ತರುವುದು ಮಹಾ ಅನ್ಯಾಯ. ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ದೊಡ್ಡ ಟ್ಯಾಂಕ್ ಇರುವ ಹವ್ಯಾಸಿಗಳಿಗೆ ಕೊಡಿ.

ಕಾಡಿನ ಹೊಳೆಯಲ್ಲಿ ಹೊಂದಿಕೆಯಾಗದ ಮೀನು ದೂರ ಈಜಿ ಹೋಗುತ್ತದೆ. ನಾಲ್ಕು ಗಾಜಿನ ನಡುವೆ ಆ ದಾರಿಯನ್ನು ಮುಚ್ಚಿದವರು ನಾವು. ಯಾರ ಜೊತೆ ಯಾರು, ಯಾವ ನೀರಿನಲ್ಲಿ, ಎಷ್ಟು ಜಾಗದಲ್ಲಿ ಎಂಬುದನ್ನೆಲ್ಲ ಅವುಗಳ ಪರವಾಗಿ ನಿರ್ಧರಿಸುವ ಹೊಣೆಯೂ ನಮ್ಮದೇ. ಮುಂದಿನ ಭಾನುವಾರ ಅಂಗಡಿಗೆ ಹೋಗುವ ಮೊದಲು ಮನೆಯ ನಲ್ಲಿಯ ನೀರನ್ನು ಪರೀಕ್ಷಿಸಿ, ಟ್ಯಾಂಕಿನ ಉದ್ದ ಅಗಲ ಅಳೆದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವುದೇ ಮೀನು ಇಷ್ಟವಾದರೂ ಮೂರು ಪ್ರಶ್ನೆ ಕೇಳಿ: ಇದು ಎಂಥ ನೀರಿನ ಮೀನು, ಎಷ್ಟು ದೊಡ್ಡದಾಗುತ್ತದೆ, ಎಷ್ಟು ಮೀನು ಒಟ್ಟಿಗೆ ಇರಬೇಕು? ಉತ್ತರ ಚೀಟಿಗೆ ಹೊಂದದಿದ್ದರೆ ಅಂದು ಬರಿಗೈಲಿ ಮನೆಗೆ ಬನ್ನಿ.